ನೀರಿನ ಜಾಡು ಹಿಡಿದು ಕಾಂಗ್ರಾ ಕಣಿವೆಯಲ್ಲಿ

ಹಿಮಾಚಲ ಪ್ರದೇಶದ ಪಾಲಂಪುರದಲ್ಲಿ ಬೆಳಗು ಮೊದಲು ಕಾಣಿಸುವುದು ಉತ್ತರದಲ್ಲಿ. ಸೂರ್ಯ ಇನ್ನೂ ಮೂಡಣದ ಗುಡ್ಡದ ಹಿಂದಿರುವಾಗಲೇ ಧೌಲಾಧಾರ ಪರ್ವತಸಾಲಿನ ಹಿಮದ ನೆತ್ತಿ ಕೆಂಪಾಗಿ, ಆಮೇಲೆ ಹಳದಿಯಾಗಿ, ಕೊನೆಗೆ ಕಣ್ಣು ಕುಕ್ಕುವ ಬಿಳುಪಾಗುತ್ತದೆ. ಅಷ್ಟು ಹೊತ್ತೂ ನಮ್ಮ ಅಂಗಳ ಕತ್ತಲಲ್ಲೇ ಇರುತ್ತದೆ. ಹಿಮಾಲಯ ಅಂದರೆ ಒಂದರ ಹಿಂದೊಂದು ಗುಡ್ಡ ಹತ್ತಿ ಹತ್ತಿ ಕೊನೆಗೊಮ್ಮೆ ಕಾಣುವಂಥದ್ದು ಅಂದುಕೊಂಡಿದ್ದೆ. ಇಲ್ಲಿ ಹಾಗಿಲ್ಲ. ಸುಮಾರು 1,200 ಮೀಟರ್ ಎತ್ತರದ ಗೋಧಿ ಗದ್ದೆಯಲ್ಲಿ ನಿಂತು ತಲೆಯೆತ್ತಿದರೆ ನಾಲ್ಕು ಸಾವಿರ ಮೀಟರ್ ಮೀರಿದ ಬಂಡೆಗಳು ಗೋಡೆಯಂತೆ ನೇರ ಎದ್ದು ನಿಂತಿವೆ. ಮೊದಲ ದಿನ ಅಮ್ಮ ಕಾಫಿ ಲೋಟ ಹಿಡಿದು, ಅದು ತಣ್ಣಗಾಗುವವರೆಗೂ ನಿಂತೇ ಇದ್ದಳು.

ಇದು 2019ರ ಏಪ್ರಿಲ್ ಕೊನೆಯ ಮಾತು. ತಂಗಿಯ ಗಂಡನಿಗೆ ಅಲ್ಲಿಗೆ ವರ್ಗವಾಗಿತ್ತು. ಮಂಡಿನೋವಿನ ಅಮ್ಮನನ್ನು ಕರೆದುಕೊಂಡು ವಿಟ್ಲದಿಂದ ಹೊರಟ ನಾನು ಮೂರು ವಾರ ಅವರ ಬಾಡಿಗೆ ಮನೆಯಲ್ಲಿದ್ದೆ. ಮೊದಲ ಭಾನುವಾರ ಎಲ್ಲರೂ ಮಾಡುವುದನ್ನೇ ಮಾಡಿದೆವು. ಒಬ್ಬ ಟ್ಯಾಕ್ಸಿಯವರು ಒಂದೇ ದಿನಕ್ಕೆ ಏಳು ಜಾಗದ ಪಟ್ಟಿ ಕೊಟ್ಟರು, ನಾವು ಒಪ್ಪಿದೆವು. ದೇವಸ್ಥಾನದಲ್ಲಿ ಇಪ್ಪತ್ತು ನಿಮಿಷ, ಕೋಟೆಯಲ್ಲಿ ಅರ್ಧ ಗಂಟೆ, ಜಲಪಾತಕ್ಕೆ ಹತ್ತಿರದ ಪಾರ್ಕಿಂಗಿನಲ್ಲಿ ಒಂದು ಗಂಟೆ. ರಾತ್ರಿ ಮನೆ ಸೇರಿದಾಗ ಅಮ್ಮನ ಕಾಲು ಬಾತುಕೊಂಡಿತ್ತು. ಯಾವ ದೇವರು ಯಾವ ಗುಡಿಯಲ್ಲಿತ್ತು ಅನ್ನುವುದೇ ಅವಳಿಗೆ ಕಲಸಿಹೋಗಿತ್ತು.

ಮಾರನೆಯ ದಿನ ಮನೆಯೊಡತಿ ಅಮ್ಮಾಜಿ ಬಿಸಿ ಎಣ್ಣೆಯ ಬಟ್ಟಲು ತಂದುಕೊಟ್ಟು, ಹಿಂದಿಯಲ್ಲಿ ನನಗೂ ಕೈಸನ್ನೆಯಲ್ಲಿ ಅಮ್ಮನಿಗೂ ಹೇಳಿದರು: ದಿನಕ್ಕೊಂದೇ ಊರು, ಸಂಜೆಯ ಚಹಾದ ಹೊತ್ತಿಗೆ ವಾಪಸ್. ಆಮೇಲೆ ಹಾಗೇ ಮಾಡಿದೆವು. ಈ ಕಣಿವೆಗೆ ಹೋಗುವವರು ಯಾರಾದರೂ ಕೇಳಿದರೆ ನಾನೂ ಅದನ್ನೇ ಹೇಳುತ್ತೇನೆ.

ಆ ಅಂಗಳದ ಅಂಚಿನಲ್ಲಿ ಒಂದು ಕಾಲುವೆ ಹರಿಯುತ್ತಿತ್ತು. ಎರಡು ಅಡಿ ಅಗಲ, ಮೊಣಕಾಲಿನಷ್ಟು ನೀರು, ಬೆರಳಿಟ್ಟರೆ ಮರಗಟ್ಟುವಷ್ಟು ತಣ್ಣಗೆ. ಅಮ್ಮಾಜಿ ಅದರಲ್ಲೇ ಪಾಲಕ್ ತೊಳೆಯುತ್ತಿದ್ದರು, ಬೆಳಗಿದ ಪಾತ್ರೆ ಅಲುಬುತ್ತಿದ್ದರು. ನೀರು ಪಕ್ಕದ ಮನೆಯ ಹಿತ್ತಲು ದಾಟಿ, ರಸ್ತೆಯಡಿ ನುಗ್ಗಿ, ಚಹಾ ತೋಟದ ಬದಿ ಹಿಡಿದು ಗದ್ದೆಗೆ ಇಳಿಯುತ್ತಿತ್ತು. ಇದಕ್ಕೆ ಅವರು ಕೂಹಲ್ ಅನ್ನುತ್ತಾರೆ. ಧೌಲಾಧಾರದ ಹಿಮ ಕರಗಿ ಇಳಿಯುವ ಹೊಳೆಗೆ ಅಲ್ಲಿ ಖಡ್ ಎಂದು ಹೆಸರು. ಖಡ್ಡಿಗೆ ಅಡ್ಡಲಾಗಿ ಮೇಲೆಲ್ಲೋ ಕಲ್ಲುಗುಂಡುಗಳ ಒಡ್ಡು ಇಟ್ಟು ಒಂದು ಪಾಲು ನೀರನ್ನು ತಿರುಗಿಸಿ, ಇಳಿಜಾರನ್ನೇ ನಂಬಿ ಮೈಲಿಗಟ್ಟಲೆ ತರುತ್ತಾರೆ. ಪಂಪಿಲ್ಲ, ಕರೆಂಟಿಲ್ಲ. ಇಂಥ ದೊಡ್ಡ ಕೂಹಲ್‌ಗಳೇ ಈ ಕಣಿವೆಯಲ್ಲಿ ಏಳುನೂರಕ್ಕೂ ಹೆಚ್ಚಿವೆ, ಸಣ್ಣವು ಸಾವಿರಗಟ್ಟಲೆ. ಕೆಲವನ್ನು ರಾಜರು, ರಾಣಿಯರು ತೋಡಿಸಿದ್ದಾರೆ. ಹೆಚ್ಚಿನವನ್ನು ಊರವರೇ ತೋಡಿಕೊಂಡಿದ್ದಾರೆ. ಗೋಧಿ ಹಿಟ್ಟು ಬೀಸುವ ನೀರಿನ ಗಿರಣಿ, ಅವರ ಮಾತಿನಲ್ಲಿ ಘರಾಟ್, ತಿರುಗುವುದೂ ಇದೇ ನೀರಿನಿಂದ.

ಅಮ್ಮ ಅದನ್ನು ನೋಡಿ ಹೇಳಿದ್ದು ಒಂದೇ ಮಾತು: “ಇದು ನಮ್ಮ ಕಟ್ಟದ ನೀರೇ ಅಲ್ಲವೋ.” ನನ್ನ ಅಜ್ಜನ ಕಾಲದಲ್ಲಿ ನಮ್ಮ ಕಡೆ ಪ್ರತಿ ವರ್ಷ ಮಳೆ ನಿಂತ ಮೇಲೆ ತೋಡಿಗೆ ಕಲ್ಲು ಮಣ್ಣಿನ ಕಟ್ಟ ಹಾಕುತ್ತಿದ್ದರು. ಬೇಸಗೆಯಿಡೀ ಅಡಿಕೆ ತೋಟಕ್ಕೆ ಅದರದೇ ನೀರು. ಮಳೆಗಾಲದಲ್ಲಿ ತೋಡು ಅದನ್ನು ಕೊಚ್ಚಿಕೊಂಡು ಹೋಗುತ್ತಿತ್ತು, ಮತ್ತೆ ಕಟ್ಟುತ್ತಿದ್ದರು. ಬೋರ್‌ವೆಲ್ ಬಂದ ಮೇಲೆ ನಮ್ಮ ಕಟ್ಟ ನಿಂತುಹೋಯಿತು. ಅಮ್ಮ ಮದುವೆಯಾಗಿ ಬಂದ ವರ್ಷ ಇಡೀ ಊರಿನ ಗಂಡಸರಿಗೆ ಕಟ್ಟದ ಬಳಿಗೆ ಅವಲಕ್ಕಿ ಹೊತ್ತುಕೊಂಡು ಹೋದವಳು. ಅಂಗಳದ ಆ ಸಣ್ಣ ನೀರಿನ ಪಕ್ಕ ಅವಳು ಮೂರು ವಾರದಲ್ಲಿ ಕಳೆದಷ್ಟು ಹೊತ್ತನ್ನು ಹಿಮಾಲಯ ನೋಡುತ್ತಲೂ ಕಳೆಯಲಿಲ್ಲ.

ಮೊದಲು ಹೋದದ್ದು ಅಂದ್ರೇಟಾ ಎಂಬ ಹಳ್ಳಿಗೆ. ದಾರಿಯಲ್ಲಿ ಗದ್ದಿ ಕುರಿಗಾಹಿಗಳ ಹಿಂಡು ಎದುರಾಯಿತು. ಚಳಿಗಾಲವನ್ನು ಕೆಳಗಿನ ಗುಡ್ಡಗಳಲ್ಲಿ ಕಳೆದವರು ಈಗ ಧೌಲಾಧಾರದ ಕಣಿವೆದಾರಿ ದಾಟಿ ಚಂಬಾ, ಲಾಹೌಲ್‌ಗಳ ಬೇಸಗೆಯ ಹುಲ್ಲಿಗೆ ಹೊರಟಿದ್ದರು. ಮುಂದೆ ನಡೆಯುತ್ತಿದ್ದ ಮುದುಕರ ಸೊಂಟಕ್ಕೆ ಕರಿ ಉಣ್ಣೆಯ ಹಗ್ಗ ಸುತ್ತು ಸುತ್ತಾಗಿ ಬಿಗಿದಿತ್ತು. ಅದು ಡೋರಾ. ಅವರ ಅಂಗಿಯ ಎದೆಯೊಳಗಿಂದ ಎರಡು ದಿನದ ಮರಿಯೊಂದು ಮೂತಿ ಹೊರಗೆ ಹಾಕಿತ್ತು. ಗಾಡಿ ನಿಲ್ಲಿಸಿ ಕಾಲು ಗಂಟೆ ಕಾದೆವು. ಹಿಂದಿನ ಭಾನುವಾರವಾಗಿದ್ದರೆ ಹಾರ್ನ್ ಹೊಡೆದು ನುಗ್ಗುತ್ತಿದ್ದೆವೇನೋ.

ಅಂದ್ರೇಟಾಕ್ಕೆ ಹೆಸರು ತಂದವರು ಹೊರಗಿನಿಂದ ಬಂದು ಅಲ್ಲೇ ಉಳಿದವರು. ಐರ್ಲೆಂಡಿನಲ್ಲಿ ಹುಟ್ಟಿ ನಟಿಯಾಗಿದ್ದ ನೋರಾ ರಿಚರ್ಡ್ಸ್, ಗಂಡನ ಜೊತೆ ಲಾಹೋರಿಗೆ ಬಂದು ಅಲ್ಲಿನ ಕಾಲೇಜು ಹುಡುಗರಿಂದ ಪಂಜಾಬಿಯಲ್ಲೇ ನಾಟಕ ಬರೆಸಿ ಆಡಿಸಿದರು. ಗಂಡ ತೀರಿಕೊಂಡ ಮೇಲೆ, ಇಲ್ಲಿನವರ ಮನೆಗಳಂತೆಯೇ ಮಣ್ಣಿನ ಗೋಡೆ, ಸ್ಲೇಟ್ ಕಲ್ಲಿನ ಮಾಡಿನ ಮನೆ ಕಟ್ಟಿಕೊಂಡು 1971ರಲ್ಲಿ ಸಾಯುವವರೆಗೂ ಇಲ್ಲೇ ಇದ್ದರು. ಅವರ ಹುಟ್ಟುಹಬ್ಬದ ಅಕ್ಟೋಬರ್ 29ರಂದು ಪಟಿಯಾಲದ ಪಂಜಾಬಿ ವಿಶ್ವವಿದ್ಯಾಲಯದವರು ಬಂದು ಅಲ್ಲಿ ನಾಟಕ ಆಡುವ ವಾಡಿಕೆಯಿದೆ. ದೇಶ ಒಡೆದ 1947ರಲ್ಲಿ ಇಲ್ಲಿಗೆ ಬಂದು ನೆಲೆಸಿದ ಚಿತ್ರಕಾರ ಸೋಭಾ ಸಿಂಗ್ ಬರೆದ ಗುರು ನಾನಕರ ಚಿತ್ರದ ಪ್ರತಿ ಇಲ್ಲದ ಸಿಖ್ ಮನೆ ಅಪರೂಪ. ಅವರ ಗ್ಯಾಲರಿಯೂ ಇದೆ. ಆದರೆ ನನಗೆ ಹಿಡಿಸಿದ್ದು ನೋರಾರ ಮಣ್ಣಿನ ಮನೆ. ಮಣ್ಣಿನ ಗೋಡೆಗೆ ವರ್ಷ ವರ್ಷ ಕೈ ಹಚ್ಚುತ್ತಿರಬೇಕು. ಕೈ ಬಿಟ್ಟರೆ ಒಂದು ಮಳೆಗಾಲ ಸಾಕು. ಇಲ್ಲಿಯ ಮಳೆಯೂ ಸಣ್ಣದಲ್ಲ: ಧರ್ಮಶಾಲೆಯಲ್ಲಿ ವರ್ಷಕ್ಕೆ ಸುಮಾರು ಮೂರು ಸಾವಿರ ಮಿಲಿಮೀಟರ್ ಸುರಿಯುತ್ತದೆ. ಆ ಅಂಗಳದಲ್ಲಿ ಬೇರೆ ಯಾರೂ ಇರಲಿಲ್ಲ. ಜಗಲಿಯ ಮೇಲೆ ಕೂತು ಅಮ್ಮ ಕಟ್ಟಿ ತಂದಿದ್ದ ಚಿತ್ರಾನ್ನ ತಿಂದೆವು.

ರೈಲಿನ ದಿನ ಬೆಳಿಗ್ಗೆ ಮಾರಂಡಾದಲ್ಲಿರುವ ಪಾಲಂಪುರ ನಿಲ್ದಾಣಕ್ಕೆ ಹೋದೆವು. ಪಠಾಣ್‌ಕೋಟ್‌ನಿಂದ ಜೋಗಿಂದರ್‌ನಗರದವರೆಗೆ 164 ಕಿಲೋಮೀಟರ್, ಹಳಿಗಳ ನಡುವೆ 762 ಮಿಲಿಮೀಟರ್. ಎದುರು ಬದುರು ಕೂತರೆ ಮೊಣಕಾಲಿಗೆ ಮೊಣಕಾಲು ತಾಗುತ್ತದೆ. ಶಾಲೆಯ ಮಕ್ಕಳು, ಹಾಲಿನ ಕ್ಯಾನು, ಒಬ್ಬರ ಮಡಿಲಲ್ಲಿ ಕೋಳಿ. ಇಷ್ಟು ದೂರದ ಬೆಟ್ಟದ ಹಾದಿಯಲ್ಲಿ ಸುರಂಗ ಇರುವುದು ಎರಡೇ. ಬೆಟ್ಟ ಕೊರೆಯುವ ಬದಲು ಬಳಸಿ ಬಳಸಿ ಹೋಗುವಂತೆ ಹಳಿ ಹಾಕಿದ್ದಾರೆ. ಹಾಗಾಗಿ ಧೌಲಾಧಾರ ಒಮ್ಮೆ ಬಲಕ್ಕೆ, ಒಮ್ಮೆ ಬೆನ್ನಿಗೆ, ಮತ್ತೊಮ್ಮೆ ಬಾಗಿಲಿಗೇ ಬಂದು ನಿಲ್ಲುತ್ತದೆ. ಈ ರೈಲು ಪ್ರವಾಸಿಗರಿಗೆಂದು ಬಂದದ್ದಲ್ಲ. ಜೋಗಿಂದರ್‌ನಗರದ ಬಳಿ ಶಾನನ್‌ನಲ್ಲಿ ಊಹಲ್ ನದಿಯ ನೀರನ್ನು ಕೊಳವೆಯಲ್ಲಿ ಬೆಟ್ಟದಿಂದ ಇಳಿಸಿ ವಿದ್ಯುತ್ ಮಾಡಲು ಹೊರಟಾಗ ಅದರ ಭಾರಿ ಯಂತ್ರಗಳನ್ನು ಸಾಗಿಸಬೇಕಿತ್ತು. ಅದಕ್ಕಾಗಿ 1926ರಿಂದ 1929ರವರೆಗೆ ಹಳಿ ಹಾಕಿದರು. ಆ ವಿದ್ಯುತ್ತು ಲಾಹೋರಿನವರೆಗೆ ಹೋಯಿತು. ನಾವು ಕೂತ ಡಬ್ಬಿಯೂ ಇಲ್ಲಿಗೆ ನೀರಿನ ಹಿಂದೆಯೇ ಬಂದದ್ದು ಅನ್ನುವುದು ತಿಳಿದ ಮೇಲೆ, ಅಂಗಳದ ಕೂಹಲ್‌ಗೂ ಇದಕ್ಕೂ ನನ್ನ ಮನಸ್ಸಿನಲ್ಲಿ ನಂಟು ಬೆಳೆಯಿತು. (2022ರ ಆಗಸ್ಟ್‌ನ ನೆರೆಯಲ್ಲಿ ಪಠಾಣ್‌ಕೋಟ್ ಬಳಿಯ ಚಕ್ಕಿ ಸೇತುವೆ ಕೊಚ್ಚಿಹೋದ ದೃಶ್ಯವನ್ನು ತಂಗಿ ಕಳಿಸಿದಾಗ ನಾನು ಅದನ್ನು ಅಮ್ಮನಿಗೆ ತೋರಿಸಲಿಲ್ಲ.)

ಕಾಂಗ್ರಾದಲ್ಲಿ ಇಳಿದು ಕೋಟೆಗೆ ಎರಡನೆಯ ಸಲ ಹೋದೆವು. ಬಾಣಗಂಗಾ ಮತ್ತು ಮಾಝಿ ಹೊಳೆಗಳು ಕೂಡುವ ಜಾಗದ ಕಡಿದಾದ ಗುಡ್ಡದ ಮೇಲೆ ಕಟೋಚ್ ಅರಸರ ಕೋಟೆ. 1009ರಲ್ಲಿ ಘಜ್ನಿಯ ಮಹಮೂದ್ ಸೂರೆ ಮಾಡಿದ್ದು, 1620ರಲ್ಲಿ ಜಹಾಂಗೀರನ ಸೇನೆ ಗೆದ್ದದ್ದು, 1809ರಲ್ಲಿ ರಣಜಿತ್ ಸಿಂಗನ ಕೈ ಸೇರಿದ್ದು, 1846ರಲ್ಲಿ ಬ್ರಿಟಿಷರಿಗೆ ಹೋದದ್ದು, ಎಲ್ಲವನ್ನೂ ಅದು ತಾಳಿಕೊಂಡಿತ್ತು. ಅದನ್ನು ಕೆಡವಿದ್ದು 1905ರ ಏಪ್ರಿಲ್ 4ರ ಬೆಳಗಿನ ಭೂಕಂಪ. ಆರು ಗಂಟೆ ದಾಟಿ ಇಪ್ಪತ್ತು ನಿಮಿಷ, ಜನ ಇನ್ನೂ ಮನೆಯೊಳಗಿದ್ದರು. ಸುಮಾರು ಇಪ್ಪತ್ತು ಸಾವಿರ ಜನ ಸತ್ತರು. ಮಣ್ಣಿನ ಗೋಡೆಯ ಮೇಲೆ ಸ್ಲೇಟ್ ಕಲ್ಲಿನ ಭಾರದ ಮಾಡಿನ ಮನೆಗಳು ಹೇಗೆ ಬಿದ್ದಿರಬೇಕು ಎಂದು ಅಂದ್ರೇಟಾದ ಜಗಲಿ ನೋಡಿ ಬಂದ ಅಮ್ಮನಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಪಟ್ಟಣದ ಬಜ್ರೇಶ್ವರಿ ದೇವಸ್ಥಾನವೂ ನೆಲಕ್ಕೆ ಬಿತ್ತು, ಈಗಿರುವುದು ಆಮೇಲೆ ಕಟ್ಟಿದ್ದು. 1849ರಿಂದ ಚಹಾ ಬೆಳೆಯುತ್ತಿದ್ದ ಬ್ರಿಟಿಷ್ ತೋಟಗಾರರಲ್ಲಿ ಅನೇಕರು ತೋಟ ಮಾರಿ ಹೊರಟುಹೋದರು. ಕೂಹಲ್‌ಗಳೂ ಒಡೆದು ಮುಚ್ಚಿಹೋದವು. ಅವುಗಳನ್ನು ಬಿಟ್ಟು ಹೋಗಲು ಊರವರಿಗೆ ಬೇರೆ ಜಾಗವಿರಲಿಲ್ಲ. ಅಗೆದು ತೆರೆದು ಮತ್ತೆ ನೀರು ಬಿಟ್ಟರು.

ಕೋಟೆಯೊಳಗೆ ಲಕ್ಷ್ಮೀನಾರಾಯಣ ಗುಡಿಯದೊಂದು ಗೋಡೆ ಮಾತ್ರ ಉಳಿದಿದೆ, ಕೆತ್ತನೆ ಇನ್ನೂ ಹರಿತವಾಗಿದೆ. ಮೊದಲ ಭಾನುವಾರ ನಾವು ಅದರ ಮುಂದೆಯೇ ನಿಂತು ಫೋಟೋ ತೆಗೆಸಿಕೊಂಡಿದ್ದೆವು. ಆ ಫೋಟೋದಲ್ಲಿ ಗೋಡೆ ಇಲ್ಲ, ನಮ್ಮ ಮುಖಗಳಷ್ಟೇ ಇವೆ.

ಬೈಜನಾಥದಲ್ಲಿ ಅಮ್ಮ ಊರಿಗೆ ಬಂದಷ್ಟು ನಿರಾಳವಾದಳು. ರಾವಣ ಕೈಲಾಸದಿಂದ ಲಿಂಗ ತರುತ್ತಿದ್ದ, ದಾರಿಯಲ್ಲಿ ಕುರಿಗಾಹಿಯೊಬ್ಬನ ಕೈಗೆ ಕೊಟ್ಟ, ಅವನು ಭಾರ ತಾಳದೆ ಕೆಳಗಿಟ್ಟ, ಲಿಂಗ ಅಲ್ಲೇ ನೆಲೆನಿಂತಿತು ಎಂದು ಅಲ್ಲಿನವರ ಕತೆ. ನಾನು ಅರ್ಧ ಹೇಳುವಷ್ಟರಲ್ಲಿ ಅಮ್ಮ, “ಗೋಕರ್ಣದ್ದೇ ಕತೆ, ನಮ್ಮಲ್ಲಿ ಗಣಪತಿ ಇಟ್ಟದ್ದು, ಇಲ್ಲಿ ಕುರಿಯವನು” ಎಂದು ಮುಗಿಸಿದಳು. ರಾವಣ ಶಿವಭಕ್ತನೆಂದು ಈ ಊರಲ್ಲಿ ದಸರೆಗೆ ಅವನ ಪ್ರತಿಮೆ ಸುಡುವುದಿಲ್ಲ. 1204ರಲ್ಲಿ ಈ ಗುಡಿ ಕಟ್ಟಿಸಿದವರು ಅರಸರಲ್ಲ, ಮನ್ಯುಕ ಮತ್ತು ಆಹುಕ ಎಂಬ ಇಬ್ಬರು ವ್ಯಾಪಾರಿ ಅಣ್ಣತಮ್ಮಂದಿರು. ಅದನ್ನು ಹೇಳುವ ಶಾಸನಗಳು ಶಾರದಾ ಲಿಪಿಯಲ್ಲಿ ಗುಡಿಯಲ್ಲೇ ಇವೆ. ಸುಮಾರು ಆರು ಶತಮಾನ ಕಳೆದ ಮೇಲೆ ರಾಜ ಸಂಸಾರಚಂದ್ ಜೀರ್ಣೋದ್ಧಾರ ಮಾಡಿಸಿದ. 1905ರ ಏಟನ್ನೂ ತಿಂದು ಇದು ನಿಂತುಕೊಂಡಿತು. ಗುಡಿಯ ಹಿಂದೆ ಬಿನ್ವಾ ಹೊಳೆ ಆಳದಲ್ಲಿ ಹರಿಯುತ್ತದೆ. ಹೊಳೆಯ ಸದ್ದು ಗರ್ಭಗುಡಿಯವರೆಗೆ ಬರುತ್ತದೆ.

ಬೀರ್ ಮತ್ತು ಬಿಲ್ಲಿಂಗ್‌ಗೂ ಹೋಗಿದ್ದೆವು, 2015ರಲ್ಲಿ ಪ್ಯಾರಾಗ್ಲೈಡಿಂಗ್ ವಿಶ್ವಕಪ್ ನಡೆದ ಜಾಗ. ಸುಮಾರು 2,400 ಮೀಟರ್ ಎತ್ತರದಿಂದ ಹಾರುವ ಬಣ್ಣದ ರೆಕ್ಕೆಗಳನ್ನು ಕೆಳಗೆ ಚಹಾ ಕುಡಿಯುತ್ತಾ ನೋಡಿದೆವು, ಅಷ್ಟೇ. ಧರ್ಮಶಾಲೆಯ ಮೆಕ್ಲಿಯೋಡ್‌ಗಂಜ್ ಜನಜಂಗುಳಿಯಿಂದ ನನಗೆ ಉಸಿರು ಕಟ್ಟಿಸಿತು. ಆದರೆ ಆ ದಿನವನ್ನು ಅಮ್ಮ ಮರೆಯುವುದಿಲ್ಲ. ಗೋಂಪಾ ಎನ್ನುವ ಬೌದ್ಧ ಮಠದ ಮೆಟ್ಟಿಲಲ್ಲಿ ಅವಳು ನನ್ನ ಜೊತೆ ಮಾತಾಡುವುದನ್ನು ಕೇಳಿ ನಡುವಯಸ್ಸಿನ ಭಿಕ್ಷುವೊಬ್ಬರು ತಿರುಗಿ ನಿಂತು, “ಎಲ್ಲಿಂದ ಬಂದ್ರಿ ಅಮ್ಮಾ? ಊಟ ಆಯ್ತಾ?” ಎಂದರು. ಬೈಲಕುಪ್ಪೆಯಲ್ಲಿ ಹುಟ್ಟಿ ಬೆಳೆದವರು. 1960ರಲ್ಲಿ ಅಂದಿನ ಮೈಸೂರು ಸರ್ಕಾರ ಟಿಬೆಟಿನಿಂದ ಬಂದವರಿಗೆ ಅಲ್ಲಿ ಜಾಗ ಕೊಟ್ಟಿತ್ತು, ಅದೇ ವರ್ಷ ದಲಾಯಿ ಲಾಮಾ ಧರ್ಮಶಾಲೆಗೆ ಬಂದು ನೆಲೆಸಿದ್ದರು. ಅಮ್ಮ ಅವರೊಡನೆ ಪಿರಿಯಾಪಟ್ಟಣದ ಹೊಗೆಸೊಪ್ಪಿನ ದರದವರೆಗೆ ಎಲ್ಲವನ್ನೂ ಮಾತಾಡಿದಳು. ಹದಿನೈದು ದಿನ ದುಭಾಷಿಯ ಬಾಯಿಂದಲೇ ಜಗತ್ತು ಕೇಳಿದ ಮುದುಕಿಗೆ ಅದು ಎಂಥ ಹಬ್ಬ ಎಂದು ನನಗೆ ಆವತ್ತು ಗೊತ್ತಾಯಿತು.

ಮಸ್ರೂರಿಗೆ ದಾರಿ ದೂರ, ಬೆಳಿಗ್ಗೆ ಬೇಗ ಹೊರಟೆವು. ಮರಳುಗಲ್ಲಿನ ಒಂದು ಗುಡ್ಡದ ನೆತ್ತಿಯನ್ನೇ ಕೆತ್ತಿ ಶಿಖರಗಳ ಸಾಲು ಮಾಡಿದ್ದಾರೆ. ಎಂಟನೆಯ ಶತಮಾನದ ಕೆಲಸ. ಅದೇ ಶತಮಾನದಲ್ಲಿ ರಾಷ್ಟ್ರಕೂಟ ಒಂದನೇ ಕೃಷ್ಣ ಎಲ್ಲೋರಾದಲ್ಲಿ ಕೈಲಾಸನಾಥ ಗುಡಿ ಕೊರೆಸಿದ. ಅಲ್ಲಿ ಮುಗಿಸಿದರು, ಇಲ್ಲಿ ಅರ್ಧಕ್ಕೇ ಬಿಟ್ಟಿದ್ದಾರೆ, ಮೇಲೆ ಭೂಕಂಪದ ಬಿರುಕು ಬೇರೆ. ಕಲ್ಲು ಮೆತ್ತಗಿದ್ದು ಮುಖಗಳೆಲ್ಲ ಸವೆದಿವೆ. ಎದುರಿಗೆ ಆಯತಾಕಾರದ ಕೊಳ, ಅದರಲ್ಲಿ ಇಡೀ ಗುಡಿಯ ಬಿಂಬ. ಗುಡಿ ಈಶಾನ್ಯಕ್ಕೆ, ಧೌಲಾಧಾರದ ಹಿಮಕ್ಕೆ ಮುಖ ಮಾಡಿದೆ.

ಅಲ್ಲಿಂದ ಇಳಿದರೆ ಪೋಂಗ್ ಅಣೆಕಟ್ಟಿನ ಹಿನ್ನೀರು. ಅಂದು ಮಾತ್ರ ದಿನಕ್ಕೊಂದೇ ಊರು ಎಂಬ ಮಾತು ಮುರಿದೆವು. 1974ರಲ್ಲಿ ಬಿಯಾಸ್ ನದಿಗೆ ಕಟ್ಟಿದ ಅಣೆಕಟ್ಟಿದು. ನೂರಾರು ಹಳ್ಳಿಗಳು ಮುಳುಗಿದವು, ಕಾಂಗ್ರಾ ರೈಲಿನ ಹಳಿಯನ್ನೂ ಒಂದಷ್ಟು ದೂರ ಎತ್ತಿ ಬೇರೆ ಕಡೆ ಹಾಕಬೇಕಾಯಿತು. ಮುಳುಗಡೆಯವರಿಗೆ ಜಮೀನು ತೋರಿಸಿದ್ದು ದೂರದ ರಾಜಸ್ಥಾನದ ಮರಳಿನಲ್ಲಿ. ಬೇಸಗೆಯಲ್ಲಿ ನೀರು ಇಳಿದಾಗ ಬಾಥೂ ಎಂಬಲ್ಲಿ ಹಳೆಯ ಗುಡಿಗಳ ಗುಂಪೊಂದು ಹೊರಗೆ ಬರುತ್ತದೆ, ಮಳೆಗಾಲ ಬಂದರೆ ಮತ್ತೆ ನೀರಿನಡಿ. ನಾವು ಹೋದಾಗ ಕೆಸರು ಒಣಗಿ ಬಿರಿದಿತ್ತು. ಮೆಟ್ಟಿಲ ಮೇಲೆ ಸಣ್ಣ ಶಂಖದ ಹುಳುಗಳ ಚಿಪ್ಪು. ಎಲ್ಲರೂ ಗೋಪುರ ಹತ್ತಿ ಫೋಟೋ ತೆಗೆಯುತ್ತಿದ್ದರು. ಅಮ್ಮ ಮಾತ್ರ ಕೆಳಗೆ ನಿಂತು, “ಇಲ್ಲೊಂದು ಊರು ಇದ್ದಿರಬೇಕು, ಅಲ್ಲದಿದ್ದರೆ ಇಷ್ಟು ಗುಡಿ ಯಾರಿಗೆ” ಅಂದಳು. ಶರಾವತಿ ಹಿನ್ನೀರಿನಿಂದ ಎದ್ದು ಬಂದ ನೆಂಟರಿದ್ದಾರೆ ನಮಗೆ. ಅವಳು ಯಾರನ್ನು ನೆನೆಯುತ್ತಿದ್ದಾಳೆಂದು ನನಗೆ ಗೊತ್ತಿತ್ತು.

ಕೊನೆಯ ವಾರ ಎಲ್ಲಿಗೂ ಹೋಗಲಿಲ್ಲ. ಪಕ್ಕದ ಹಳ್ಳಿಯ ಮದುವೆಯ ಧಾಮ್ ಎಂಬ ಊಟಕ್ಕೆ ಅಮ್ಮಾಜಿ ಕರೆದುಕೊಂಡು ಹೋದರು. ನೆಲದ ಮೇಲೆ ಹಂತಿ ಹಾಕಿ ಕೂರಿಸಿದರು. ಕಾಡುಬಳ್ಳಿಯ ಅಗಲ ಎಲೆಗಳನ್ನು ಹೊಲಿದ ಪತ್ತಲ್, ಅದಕ್ಕೆ ಅನ್ನ, ಮೊಸರಿನಲ್ಲಿ ಕುದಿಸಿದ ಕಡಲೆಯ ಮದ್ರಾ, ಉದ್ದಿನ ಕಾಳು, ಹುಳಿಸಿಹಿಯ ಖಟ್ಟಾ. ಹಂತಿಯಲ್ಲಿ ಎಲ್ಲರದೂ ಮುಗಿಯುವವರೆಗೆ ಅಮ್ಮ ಏಳದಿದ್ದುದನ್ನು ನೋಡಿ ಬಡಿಸುತ್ತಿದ್ದ ಬೋಟಿಗಳು, ಅಂದರೆ ಅಲ್ಲಿನ ಅಡುಗೆಯವರು, ಅವಳಿಗೆ ಎರಡು ಸಲ ಮದ್ರಾ ಹಾಕಿದರು.

ಆ ಸಂಜೆ ಕೂಹಲ್ ಬದಿಯಲ್ಲಿ ಕೂತಾಗ ಅಮ್ಮಾಜಿ ರುಲ್ಹಾಳ ಕತೆ ಹೇಳಿದರು. ಚೈತ್ರ ಮಾಸದಲ್ಲಿ ಮನೆ ಮನೆಗೆ ಬಂದು ಹಾಡುವವರು ಈ ಹಾಡನ್ನು ಹಾಡುತ್ತಿದ್ದರಂತೆ. ರಾಜ ಕೂಹಲ್ ತೋಡಿಸಿದ, ನೀರು ಹರಿಯಲಿಲ್ಲ. ಕನಸಿನಲ್ಲಿ ದೇವಿ ಬಂದು ಬಲಿ ಕೇಳಿದಳು. ಆರಿಸಿದ್ದು ಸೊಸೆ ರುಲ್ಹಾಳನ್ನು. ಕೂಹಲ್‌ನ ಗೋಡೆಯೊಳಗೆ ಅವಳನ್ನು ಜೀವಂತ ಇಟ್ಟು ಕಟ್ಟಿದರು, ನೀರು ಬಂತು. ಧೌಲಾಧಾರದ ಆಚೆ ಚಂಬಾದಲ್ಲೂ ಇಂಥದೇ ಇದೆ: ಊರಿಗೆ ನೀರು ಬರಲೆಂದು ರಾಣಿ ಜೀವಂತ ಸಮಾಧಿಯಾದಳು, ಅವಳ ಹೆಸರಿನ ಸೂಯಿ ಜಾತ್ರೆ ಹೆಂಗಸರದು, ಮಕ್ಕಳದು.

ನಾನು ಕನ್ನಡದಲ್ಲಿ ಹೇಳಿ ಮುಗಿಸುವ ಮೊದಲೇ ಅಮ್ಮನ ಮುಖ ಬದಲಾಗಿತ್ತು. ಶಾಲೆಯಲ್ಲಿ ಬಾಯಿಪಾಠ ಮಾಡಿದ ಭಾಗೀರಥಿಯನ್ನು ಅವಳು ಇನ್ನೂ ಮರೆತಿಲ್ಲ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸಿದ್ದು, ಹನಿ ನೀರು ಬೀಳದ್ದು, ಕಿರಿಸೊಸೆಯನ್ನು ಹಾರ ಕೊಡುವುದೆಂದು ಮಾತಾದದ್ದು, ಅವಳು ಒಂದೊಂದೇ ಮೆಟ್ಟಿಲು ಏರಿದಂತೆ ನೀರು ಪಾದಕ್ಕೆ, ಮಂಡಿಗೆ, ನಡುವಿಗೆ ಬಂದದ್ದು, ದಂಡಿನಿಂದ ಮರಳಿದ ಗಂಡನೂ ಅದೇ ಕೆರೆಗೆ ಹಾರಿದ್ದು. ಅಮ್ಮ ಹೇಳುತ್ತಾ ಹೋದಳು, ನಾನು ಹಿಂದಿಗೆ ತಿರುಗಿಸುತ್ತಾ ಹೋದೆ. ಮೆಟ್ಟಿಲಿನ ಜಾಗಕ್ಕೆ ಬಂದಾಗ ನನ್ನ ಗಂಟಲು ಕಟ್ಟಿತು.

ಅಮ್ಮಾಜಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದ್ದು ಇಷ್ಟೇ: “ಅಲ್ಲೂ ಸೊಸೆಯನ್ನೇ ಕೊಟ್ಟರಾ?”

ಅಮ್ಮ ಅದಕ್ಕೆ ಉತ್ತರ ಕೊಡಲಿಲ್ಲ. ಇಬ್ಬರೂ ಒಂದೊಂದು ಮನೆಗೆ ಸೊಸೆಯಾಗಿ ಹೋದವರು. ಅಂಗಳದ ನೀರಿನ ಸದ್ದು ಆ ರಾತ್ರಿ ನನಗೆ ಬೇರೆಯಾಗಿ ಕೇಳಿಸಿತು.

ಹೊರಡುವ ಹಿಂದಿನ ದಿನ ಕೂಹಲ್ ಹೂಳೆತ್ತುವ ಕೆಲಸವಿತ್ತು. ಭತ್ತಕ್ಕೆ ಮೊದಲು ಅದು ಆಗಲೇಬೇಕು. ಅಮ್ಮಾಜಿಯ ಯಜಮಾನರು, ಸೇನೆಯಿಂದ ನಿವೃತ್ತರಾದ ಸೂಬೇದಾರ್ ಸಾಹೇಬರು, “ನೋಡಬೇಕಿದ್ದರೆ ಬಾ ಬೇಟಾ” ಎಂದು ನನ್ನನ್ನು ಕರೆದರು. ಅಮ್ಮ ತಾನೂ ಬರುತ್ತೇನೆಂದು ಕೋಲು ಹಿಡಿದು ಹೊರಟಳು. ಕೂಹಲ್ ನೋಡಿಕೊಳ್ಳುವವರಿಗೆ ಕೋಹ್ಲಿ ಎನ್ನುತ್ತಾರೆ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು, ಒಡ್ಡು ಯಾವಾಗ ಕಟ್ಟಬೇಕು, ಜಗಳ ಬಂದರೆ ಹೇಗೆ ಬಿಡಿಸಬೇಕು, ಎಲ್ಲ ಅವರದು. ಸುಗ್ಗಿಯಲ್ಲಿ ಪ್ರತಿ ಮನೆಯಿಂದ ಅವರಿಗೆ ಕಾಳು ಸಲ್ಲುತ್ತದೆ. ಮೊದಲು ಮನೆಗೊಬ್ಬ ಗಂಡಾಳು ಬರಬೇಕಿತ್ತು, ಬಾರದವರಿಗೆ ದಂಡ. ಈಗ ಹುಡುಗರೆಲ್ಲ ಸೇನೆಯಲ್ಲಿ, ಚಂಡೀಗಢದಲ್ಲಿ. ಅಂದು ಬಂದವರು ಹನ್ನೊಂದು ಜನ, ಅದರಲ್ಲಿ ನಾಲ್ವರು ಕೂಲಿಗೆ ಬಂದವರು. ಸೂಬೇದಾರರ ಹಳ್ಳಿಯ ಕೆಳಗಿನ ಕೂಹಲ್‌ಗೆ ಈಗ ಕೋಹ್ಲಿಯೇ ಇಲ್ಲವಂತೆ. ಅದನ್ನು ಹೇಳುವಾಗ ಅವರು ಮುಖ ಆಚೆ ತಿರುಗಿಸಿದರು.

ಅಮ್ಮನಿಗಾಗಿ ನಿಂತು ನಿಂತು, ಒಂದೂವರೆ ಗಂಟೆ ನಡೆದು ನೀರಿನ ಬುಡ ಸೇರಿದೆವು. ಖಡ್ಡಿನ ನಡುವೆ ಆನೆಗಾತ್ರದ ಬಂಡೆಗಳು, ಅವುಗಳ ಸಂದಿಗೆ ಸಣ್ಣ ಕಲ್ಲು, ಸೊಪ್ಪು, ಹುಲ್ಲುಹೆಂಟೆ ತುರುಕಿ ಹೊಸ ಒಡ್ಡು ಏಳುತ್ತಿತ್ತು. ಹಾಗೆಯೇ ನಮ್ಮ ಕಟ್ಟವೂ ಇತ್ತು. ಕೋಹ್ಲಿ ಮೊದಲು ಬೆಲ್ಲ, ಅಕ್ಕಿ ಇಟ್ಟು ಊದುಬತ್ತಿ ಹಚ್ಚಿ ಕೈಮುಗಿದರು. ಆಮೇಲೆ ಬಾಯಿಯ ಕಲ್ಲು ಸರಿಸಿದರು. ನೀರು ಒಂದು ಕ್ಷಣ ತಡೆದು, ಹೂಳೆತ್ತಲೆಂದು ಬರಿದಾಗಿಸಿದ್ದ ಕಾಲುವೆಯ ಎಲೆಗಳನ್ನೆಲ್ಲ ಬಾಚಿಕೊಂಡು ಒಳಗೆ ನುಗ್ಗಿತು.

ಅಮ್ಮ ಸೆರಗಿನ ತುದಿ ಬಿಚ್ಚಿ, ಬೆಳಿಗ್ಗೆ ಅಂಗಳದಲ್ಲಿ ಕೊಯ್ದಿದ್ದ ಗುಲಾಬಿಯನ್ನು ತೆಗೆದು ನೀರಿಗೆ ಬಿಟ್ಟಳು. ಯಾರಿಗೆ ಎಂದು ನಾನು ಕೇಳಲಿಲ್ಲ. ಹೂ ಹತ್ತು ಮಾರು ಹೋಗಿ ಒಂದು ಕಲ್ಲಿಗೆ ಸಿಕ್ಕಿಕೊಂಡು ಅಲ್ಲೇ ಗಿರಗಿರ ತಿರುಗತೊಡಗಿತು. ಬದಿಯಲ್ಲಿ ನಡೆಯುತ್ತಿದ್ದ ಕೋಹ್ಲಿ ನಿಂತು ನೋಡಿ, ಬಗ್ಗಿ, ಗುದ್ದಲಿಯ ತುದಿಯಿಂದ ಮೆಲ್ಲಗೆ ಅದನ್ನು ಬಿಡಿಸಿದರು.